ಊರುಗೋಲಿನ ಹಿಡೀನ ದಯವಿಟ್ಟು ಕತ್ತರಿಸ್ಬೇಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪುರವಣಿಯ ಮನೆ ಅಲಂಕಾರದ ಅಂಕಣದಲ್ಲಿ ಹಳೇ ಊರುಗೋಲುಗಳ ಬಗ್ಗೆ ಬಂದಿದ್ದನ್ನ ಇ-ಪೇಪರಲ್ಲಿ ಓದಿದೆ. ಅಜ್ಜ ಮುತ್ತಜ್ಜನ ಕಾಲದ ವಾಕಿಂಗ್ ಸ್ಟಿಕ್ಕು ಮೂಲೇಲಿ ಬಿದ್ದಿದ್ರೆ ಹಿಡೀನ ಕತ್ತರಿಸಿ ಪೇಪರ್‌ವೇಟ್ ಮಾಡ್ಕೊಳ್ಳಿ, ಇಲ್ಲಾ ಬೀರು ಬಾಗಿಲಿಗೆ ನಾಬ್ ಹಾಕಿಸ್ಕೊಳ್ಳಿ, ಉಳಿದ ಕೋಲು ಕುಂಡದಲ್ಲಿರೋ ಬಳ್ಳಿಗೆ ಆಸರೆ ಆಗುತ್ತೆ ಅಂತ ಸಲಹೆ ಕೊಟ್ಟಿದ್ದಾರೆ. ಬರೆದವರ ಉದ್ದೇಶ ಒಳ್ಳೇದೇ, ಮನೇಲಿರೋದನ್ನ ಎಸೀದೆ ಬಳಸಿ ಅನ್ನೋದು, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಜೊತೆಗೆ ಹಾಕಿರೋ ಫೋಟೋ ನೋಡಿ ಹೊಟ್ಟೆ ಉರೀತು. ಅದರಲ್ಲಿರೋ ಗುಂಡು ಹಿಡಿ, ಕಡುನೀಲಿ ಹಿನ್ನೆಲೆ, ಬಿಳಿ ಸೇವಂತಿಗೆ, ಪಕ್ಕದಲ್ಲೊಂದು ಚಿಟ್ಟೆ, ಪ್ರತಿ ಎಸಳಿನ ಸುತ್ತ ತೆಳ್ಳನೆ ಲೋಹದ ಗೆರೆ, ಇದು ಜಪಾನಿನ ಶಿಪ್ಪೋ ಕೆಲಸ, ಅಂದ್ರೆ ತಾಮ್ರದ ಮೇಲೆ ತಂತಿ ನಿಲ್ಲಿಸಿ ಬಣ್ಣದ ಗಾಜಿನ ಪುಡಿ ತುಂಬಿ ಕುಲುಮೇಲಿ ಸುಟ್ಟು ಮಾಡೋ ಎನಾಮೆಲ್, ಮತ್ತೆ ಅದರ ಬುಡದಲ್ಲಿ ಗರಗಸ ಆಡಿಸಿರೋ ಗುರುತು ಹಸಿಯಾಗೇ ಕಾಣ್ತಾ ಇದೆ.

ನಾನು ನಗೋಯಾ ಊರಲ್ಲಿ ಕಾರ್ ಪಾರ್ಟ್ಸ್ ಕಂಪ್ನಿಯಲ್ಲಿ ಲೋಹದ ಮೇಲೆ ಕೋಟಿಂಗ್ ಮಾಡೋ ವಿಭಾಗದಲ್ಲಿ ಕೆಲಸ ಮಾಡ್ತೀನಿ, ಇಲ್ಲಿಗೆ ಬಂದು ಸುಮಾರು ವರ್ಷ ಆಯ್ತು. ಇಲ್ಲಿಂದ ಮೆಯಿತೆತ್ಸು ರೈಲಿನ ತ್ಸುಶಿಮಾ ಲೈನ್ ಹಿಡಿದು ಹೊರಟ್ರೆ ಸ್ವಲ್ಪ ಹೊತ್ತಲ್ಲೇ ಶಿಪ್ಪೋ ಅಂತ ಸ್ಟೇಷನ್ ಬರುತ್ತೆ, ಊರಿಗೇ ಆ ಕಸಬಿನ ಹೆಸರು. ಈಗ ಅದು ಆಮಾ ನಗರಕ್ಕೆ ಸೇರಿದೆ, ಅಲ್ಲೊಂದು ಶಿಪ್ಪೋ ಆರ್ಟ್ ವಿಲೇಜ್ ಇದೆ, ಹಳೇ ಹೂದಾನಿಗಳನ್ನ ನೋಡ್ಬಹುದು, ಕೂತು ಚಿಕ್ಕದೊಂದು ಬಿಲ್ಲೆಗೆ ನಾವೇ ಬಣ್ಣ ತುಂಬಿ ಸುಡಿಸ್ಕೊಂಡೂ ಬರಬಹುದು. ನನ್ನ ಕೆಲಸಕ್ಕೂ ಇದಕ್ಕೂ ನಂಟಿರೋದ್ರಿಂದ ರಜೆ ಸಿಕ್ಕಾಗ ಅಲ್ಲಿಗೆ ಹೋಗ್ತಾ ಇರ್ತೀನಿ, ಹಾಗಾಗಿ ಆ ಫೋಟೋ ನೋಡಿ ಸುಮ್ನೆ ಕೂರೋಕೆ ಆಗ್ಲಿಲ್ಲ.

ಮೊದಲು ಆ ಹಿಡಿ ಹೇಗೆ ಆಗುತ್ತೆ ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಅದು ಗೊತ್ತಾದ್ರೆ ಗರಗಸ ಎತ್ತೋಕೆ ಯಾರಿಗೂ ಮನಸ್ಸು ಬರಲ್ಲ. ತೆಳು ತಾಮ್ರದ ತಗಡನ್ನ ಬಡಿದು ಟೊಳ್ಳು ಗುಂಡು ಮಾಡ್ಕೊಳ್ತಾರೆ, ಕೆಳಗಡೆ ಕೋಲು ಕೂರೋಕೆ ಬಾಯಿ ಇರುತ್ತೆ. ಅದರ ಮೇಲೆ ಶಾಯಿಯಲ್ಲಿ ಚಿತ್ರ ಬರೀತಾರೆ. ಆಮೇಲೆ ಬೆಳ್ಳಿ ಅಥವಾ ಹಿತ್ತಾಳೆಯ ಚಪ್ಪಟೆ ತಂತಿ ತಗೊಂಡು ಚಿಮಟದಲ್ಲಿ ಹಿಡಿದು ಒಂದೊಂದು ಎಸಳಿಗೂ ಒಂದೊಂದು ತುಂಡು ಬಗ್ಗಿಸ್ತಾರೆ. ತಂತೀನ ಮಲಗಿಸಲ್ಲ, ಅಂಚಿನ ಮೇಲೆ ನಿಲ್ಲಿಸ್ತಾರೆ, ಒಂದು ಮಿಲಿಮೀಟರ್ ಆಸುಪಾಸು ಎತ್ತರದ ಗೋಡೆ. ನಮ್ಮ ಬೀದರಿನ ಬಿದ್ರಿ ಕೆಲಸದಲ್ಲಿ ಲೋಹದಲ್ಲಿ ಗೆರೆ ಕೊರೆದು ಬೆಳ್ಳಿ ತಂತೀನ ಒಳಗೆ ಬಡಿದು ಕೂರಿಸ್ತಾರಲ್ಲ, ಇಲ್ಲಿ ಕೊರೆಯೋದೇ ಇಲ್ಲ, ತಂತಿ ಮೇಲ್ಮೈ ಮೇಲೆ ನಿಂತಿರುತ್ತೆ. ಅದನ್ನ ಅಂಟಿಸೋದು ಆರ್ಕಿಡ್ ಜಾತಿಯ ಒಂದು ಗಿಡದ ಗೆಡ್ಡೆಯಿಂದ ಮಾಡಿದ ಅಂಟಲ್ಲಿ, ಕುಲುಮೆಗೆ ಹೋದಾಗ ಆ ಅಂಟು ಸುಟ್ಟುಹೋಗುತ್ತೆ, ಅಷ್ಟೊತ್ತಿಗೆ ಕರಗಿದ ಗಾಜು ತಂತೀನ ಹಿಡ್ಕೊಂಡಿರುತ್ತೆ.

ಈ ಗೋಡೆಗಳ ನಡುವಿನ ಪುಟ್ಟ ಪುಟ್ಟ ಮನೆಗಳಿಗೆ ಬಣ್ಣದ ಗಾಜಿನ ಪುಡೀನ ನೀರಲ್ಲಿ ಕಲಸಿ ತುಂಬ್ತಾರೆ. ಕೋಬಾಲ್ಟ್ ಹಾಕಿದ್ರೆ ನೀಲಿ, ತಾಮ್ರ ಹಾಕಿದ್ರೆ ಹಸಿರು ಮತ್ತೆ ಹಸಿರುನೀಲಿ, ಒಳ್ಳೇ ಗುಲಾಬಿ ಕೆಂಪಿಗೆ ಚಿನ್ನವೇ ಬೇಕು. ಎಂಟುನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲಿ ಸುಟ್ಟಾಗ ಪುಡಿ ಕರಗಿ ಇಳಿದುಬಿಡುತ್ತೆ, ತಂತಿ ಮೇಲೆದ್ದು ಕಾಣುತ್ತೆ, ಮತ್ತೆ ತುಂಬು, ಮತ್ತೆ ಸುಡು, ಗಾಜು ತಂತಿಯ ತಲೆಗೆ ಬರೋ ತನಕ ಇದೇ ಕೆಲಸ. ಕೊನೆಗೆ ಒರಟು ಕಲ್ಲಿಂದ ಶುರು ಮಾಡಿ ನುಣುಪು ಕಲ್ಲು, ಆಮೇಲೆ ಇದ್ದಿಲು, ಹೀಗೆ ಉಜ್ಜಿ ಉಜ್ಜಿ ತಂತಿ ಯಾವ್ದು ಗಾಜು ಯಾವ್ದು ಅಂತ ಬೆರಳಿಗೆ ಗೊತ್ತಾಗಬಾರ್ದು ಅಷ್ಟು ಸಮ ಮಾಡ್ತಾರೆ. ಯಾವುದಾದ್ರೂ ಒಂದು ಹಂತದಲ್ಲಿ ಗಾಜಿನೊಳಗೆ ಗಾಳಿಗುಳ್ಳೆ ಉಳಿದಿದ್ರೆ ಉಜ್ಜುವಾಗ ಅದು ತೆರೆದುಕೊಂಡು ಕರೀ ಚುಕ್ಕೆ ಆಗುತ್ತೆ, ಮತ್ತೆ ತುಂಬಿ ಮತ್ತೆ ಸುಡಬೇಕು.

ಹೂದಾನಿಗೂ ಇದೇ ವಿಧಾನ, ಆದ್ರೆ ಊರುಗೋಲಿನ ಹಿಡಿ ನಿಂಬೆಹಣ್ಣಿನ ಗಾತ್ರದ್ದು, ಎಲ್ಲಾ ಕಡೆನೂ ಬಾಗಿರೋದು. ಚಪ್ಪಟೆ ತಟ್ಟೆ ಮೇಲೆ ಹಸಿ ಪುಡಿ ಸುಮ್ನೆ ಕೂರುತ್ತೆ, ಗುಂಡಿನ ಹೊಟ್ಟೆ ಕೆಳಗೆ ಅದು ಜಾರುತ್ತೆ. ಇನ್ನೊಂದು, ಬಿಸಿ ಆದಾಗ ತಾಮ್ರ ಹಿಗ್ಗೋದು ಜಾಸ್ತಿ, ಗಾಜು ಕಮ್ಮಿ, ತಣ್ಣಗಾಗುವಾಗ ಇಬ್ಬರೂ ಬೇರೆ ಬೇರೆ ಅಳತೆಗೆ ಕುಗ್ಗೋದ್ರಿಂದ ಒಂದನ್ನೊಂದು ಎಳೀತವೆ. ಅದಕ್ಕೇ ಹೊರಗಿನ ಎಳೆತಕ್ಕೆ ಸಮನಾಗಿ ಒಳಗೋಡೆಗೂ ಒಂದು ಪದರ ಎನಾಮೆಲ್ ಹಚ್ಚಿರ್ತಾರೆ, ಯಾರಿಗೂ ಕಾಣಲ್ಲ ಅದು. ನಮ್ಮ ಫ್ಯಾಕ್ಟರೀಲಿ ಇವತ್ತೂ ಕೋಟಿಂಗ್ ಬಿರುಕು ಬಿಟ್ಟಾಗ ಮೊದಲು ನೋಡೋದು ಈ ಹಿಗ್ಗು ಕುಗ್ಗಿನ ಲೆಕ್ಕಾನೇ, ಆ ಕಾಲದ ಶಿಪ್ಪೋ ಕೆಲಸಗಾರರು ಅದನ್ನ ಮಾಪನ ಯಂತ್ರ ಇಲ್ಲದೆ ಕಣ್ಣಳತೇಲಿ ಸಾಧಿಸಿದ್ರು. ಈಗ ಯೋಚ್ನೆ ಮಾಡಿ, ನೂರಕ್ಕಿಂತ ಹೆಚ್ಚು ವರ್ಷದಿಂದ ಹೀಗೆ ಬಿಗಿದುಕೊಂಡು ನಿಂತಿರೋ ಗಾಜಿನ ಬುಡಕ್ಕೆ ಗರಗಸ ಇಟ್ಟು ಅದುರಿಸಿದ್ರೆ ಏನಾಗುತ್ತೆ. ಆ ಕ್ಷಣ ಬಿರುಕು ಕಾಣದೇ ಇರಬಹುದು, ಕಾಲರ್, ಅಂದ್ರೆ ಹಿಡಿ ಕೋಲಿಗೆ ಸೇರೋ ಕಡೆ ಸುತ್ತಿರೋ ಲೋಹದ ಪಟ್ಟಿ, ಅದರ ಹತ್ತಿರ ಶುರುವಾಗಿ ಆಮೇಲೆ ಮೇಲಕ್ಕೆ ಓಡುತ್ತೆ.

ಇದರ ಇತಿಹಾಸ ನಂಗೆ ತುಂಬಾ ಇಷ್ಟ. ಜಪಾನಲ್ಲಿ ಹಿಂದೆ ಈ ಎನಾಮೆಲ್ ಕೈಗೆ ಸಿಗ್ತಾ ಇದ್ದಿದ್ದು ಕತ್ತಿಯ ಹಿಡಿ ಹತ್ತಿರ. 17ನೇ ಶತಮಾನದ ಆರಂಭದಲ್ಲಿ ಹಿರಾತಾ ದೋನಿನ್ ಅನ್ನೋರು ಕತ್ತಿಯ ಲೋಹದ ಅಲಂಕಾರದ ಭಾಗಗಳಿಗೆ ಎನಾಮೆಲ್ ಮಾಡ್ತಿದ್ರು, ಅವರ ಮನೆತನ ಆ ವಿದ್ಯೇನ ಹೊರಗೆ ಬಿಡಲಿಲ್ಲ. ಆಮೇಲೆ 1833ರ ಸುಮಾರಿಗೆ ಇದೇ ನಗೋಯಾ ಕಡೆಯ, ಆಗಿನ ಒವಾರಿ ಸೀಮೆಯ, ಕಾಜಿ ತ್ಸುನೆಕಿಚಿ ಅನ್ನೋ ಬಡ ಸಮುರಾಯ್ ಮನೆತನದವರು ಹೊರದೇಶದಿಂದ ಬಂದಿದ್ದ ಎನಾಮೆಲ್ ತಟ್ಟೆಯೊಂದನ್ನ ಬಿಚ್ಚಿ ನೋಡಿ, ಒಳಗೆ ತಾಮ್ರ ಇದೆ, ತಂತಿ ಇದೆ ಅಂತ ಕಂಡ್ಕೊಂಡು ತಾವೇ ಮಾಡೋಕೆ ಶುರು ಮಾಡಿದ್ರು. ಅವರಿಂದ ಹಯಾಶಿ ಶೋಗೊರೋ ಕಲಿತ್ರು, ಅವರಿಂದ ತೋಶಿಮಾ ಅನ್ನೋ ಹಳ್ಳಿಗೆ ಹರಡ್ತು. ಆ ಹಳ್ಳೀನೇ ಈಗ ನಾನು ರೈಲಲ್ಲಿ ಹೋಗೋ ಜಾಗ. ಅಲ್ಲಿ 1895ರಲ್ಲಿ ನೆಟ್ಟ ಒಂದು ದಾರಿಗಲ್ಲಿದೆ, ಅದರ ಮೇಲೆ ಶಿಪ್ಪೋಯಾಕಿ ತೋಶಿಮಾ ಅಂತ ರೋಮನ್ ಅಕ್ಷರದಲ್ಲಿ ಕೆತ್ತಿದ್ದಾರೆ. ಗದ್ದೆ ನಡುವಿನ ಹಳ್ಳೀಲಿ ಆ ಕಾಲಕ್ಕೆ ಫಾರಿನ್ ಗಿರಾಕಿಗಳು ದಾರಿ ಹುಡುಕ್ಕೊಂಡು ಬರ್ತಿದ್ರು ಅಂದ್ರೆ ಕಸಬು ಎಷ್ಟರ ಮಟ್ಟಿಗೆ ಬೆಳೆದಿತ್ತು ಅಂತ ಅಂದಾಜು ಸಿಗುತ್ತೆ. ಸರ್ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಬಂದಿದ್ದು 1898ರಲ್ಲಿ, ಶಿಪ್ಪೋ ಕೆಲಸ ಉತ್ತುಂಗದಲ್ಲಿದ್ದ ಕಾಲ ಅದು.

1868ರಲ್ಲಿ ಜಪಾನಲ್ಲಿ ಮೇಯ್ಜಿ ಚಕ್ರವರ್ತಿಯ ಹೆಸರಿನ ಹೊಸ ಆಡಳಿತ ಬಂದ ಮೇಲೆ ಎರಡು ವಿಷಯ ಒಟ್ಟೊಟ್ಟಿಗೆ ಆದವು. ಒಂದು, 1876ರಲ್ಲಿ ಸೈನ್ಯ ಪೊಲೀಸರಂಥವರನ್ನ ಬಿಟ್ಟು ಮಿಕ್ಕವರು ಕತ್ತಿ ಕಟ್ಟಿಕೊಂಡು ಓಡಾಡೋ ಹಾಗಿಲ್ಲ ಅಂತ ಕಾನೂನು ಬಂತು, ಕತ್ತಿಗೆ ಅಲಂಕಾರ ಮಾಡ್ತಿದ್ದ ಲೋಹದ ಕೆಲಸಗಾರರಿಗೆ ಹೊಟ್ಟೆಪಾಡಿಗೆ ಬೇರೆ ದಾರಿ ಹುಡುಕೋ ಹಾಗಾಯ್ತು. ಇನ್ನೊಂದು, ಸರ್ಕಾರಕ್ಕೆ ವಿದೇಶಿ ದುಡ್ಡು ಬೇಕಿತ್ತು, ಹಾಗಾಗಿ 1873ರ ವಿಯೆನ್ನಾ, 1876ರ ಫಿಲಡೆಲ್ಫಿಯಾ, 1878ರ ಪ್ಯಾರಿಸ್ ವಸ್ತುಪ್ರದರ್ಶನಗಳಿಗೆ ಕರಕುಶಲ ವಸ್ತುಗಳನ್ನ ಕಳಿಸ್ತು, ಯೂರೋಪಿನವರು ಮುಗಿಬಿದ್ದು ಕೊಂಡ್ಕೊಂಡ್ರು. ಆಗ ಲಂಡನ್ ಪ್ಯಾರಿಸ್ ಕಡೆ ಸ್ಥಿತಿವಂತ ಗಂಡಸು ಕೈಯಲ್ಲಿ ಕೋಲಿಲ್ಲದೆ ಬೀದಿಗೆ ಇಳೀತಿರಲಿಲ್ಲ, ಕುಂಟು ಇರ್ಲಿ ಬಿಡ್ಲಿ, ಅದು ಡ್ರೆಸ್ಸಿನ ಭಾಗ. ಬೆಳಿಗ್ಗೆಗೊಂದು ಕೋಲು, ಸಂಜೆ ನಾಟಕಕ್ಕೊಂದು ಕೋಲು ಇಟ್ಟುಕೊಂಡಿರೋರೂ ಇದ್ರು. ಹಾಗಾಗಿ ಜಪಾನಿನ ಕುಶಲಕರ್ಮಿಗಳು ಹೂದಾನಿ, ಡಬ್ಬಿ, ಗುಂಡಿ, ಬಕಲ್ ಜೊತೆಗೆ ಛತ್ರಿ ಹಿಡಿ, ಊರುಗೋಲಿನ ಹಿಡಿಗಳನ್ನೂ ಮಾಡಿದ್ರು. ಕತ್ತಿ ಹಿಡೀತಿದ್ದ ಅಂಗೈಗೆ ಹೊಂದೋ ಅಲಂಕಾರ ಮಾಡ್ತಿದ್ದ ದೇಶ ಕೋಲು ಹಿಡಿಯೋ ಅಂಗೈಗೆ ಮಾಡೋಕೆ ಶುರು ಮಾಡ್ತು, ಈ ತಿರುವು ನೆನೆಸಿಕೊಂಡಾಗೆಲ್ಲ ನಂಗೆ ರೋಮಾಂಚನ ಆಗುತ್ತೆ.

ಗಾಟ್‌ಫ್ರೀಡ್ ವಾಗನರ್ ಅನ್ನೋ ಜರ್ಮನ್ ರಸಾಯನಶಾಸ್ತ್ರಜ್ಞರ ಬಗ್ಗೆನೂ ಹೇಳ್ಬೇಕು. ಅವರು ಬರೋ ಮುಂಚಿನ ಎನಾಮೆಲ್ ಮಂಕಾಗಿತ್ತು, ದೊಡ್ಡ ಜಾಗ ಖಾಲಿ ಬಿಟ್ರೆ ಗಾಜು ನಿಲ್ತಿರಲಿಲ್ಲ, ಅದಕ್ಕೇ ಹಳೇ ಕೆಲಸದಲ್ಲಿ ಹಿನ್ನೆಲೆ ತುಂಬಾ ಸುರುಳಿ ಸುರುಳಿ ತಂತಿ ಇರುತ್ತೆ, ಚಂದಕ್ಕೆ ಅಂತ ನಾವು ಅನ್ಕೋತೀವಿ, ಅಸಲಿಗೆ ಗಾಜನ್ನ ಹಿಡಿದಿಡೋಕೆ. ವಾಗನರ್ ಟೋಕಿಯೋದಲ್ಲೂ ಆಮೇಲೆ 1878ರಿಂದ ಕ್ಯೋಟೋದಲ್ಲೂ ಇಲ್ಲಿನವರ ಜೊತೆ ಕೂತು ಬಣ್ಣಗಳನ್ನ ಸುಧಾರಿಸಿದ್ರು, ಹೊಳಪು ಬಂತು, ಪಾರದರ್ಶಕ ಬಣ್ಣ ಬಂತು, ಅಗಲವಾದ ಖಾಲಿ ಹಿನ್ನೆಲೆ ಬಿಡೋಕೆ ಸಾಧ್ಯ ಆಯ್ತು. ಕ್ಯೋಟೋದ ನಾಮಿಕಾವಾ ಯಾಸುಯುಕಿ ಅವರ ಕನ್ನಡಿಯಂಥ ಕಪ್ಪು ಹಿನ್ನೆಲೆ ಹುಟ್ಟಿದ್ದೇ ಹೀಗೆ. ಟೋಕಿಯೋದ ನಾಮಿಕಾವಾ ಸೊಸುಕೆ ಇನ್ನೊಂದು ದಾರಿ ಹಿಡಿದ್ರು, ಸುಡೋ ಮುಂಚೆ ತಂತೀನೇ ತೆಗೆದುಬಿಟ್ಟು ಗಾಜಲ್ಲಿ ಬ್ರಷ್ಷಿನ ಚಿತ್ರ ಮೂಡಿಸಿದ್ರು, ಟೋಕಿಯೋದ ಅಕಾಸಾಕಾ ಅರಮನೆಯಲ್ಲಿ ಅವರ ಫಲಕಗಳು ಇವತ್ತಿಗೂ ಇವೆ. ಒಂದೇ ಹೆಸರಾದ್ರೂ ಇಬ್ಬರೂ ಸಂಬಂಧಿಕರಲ್ಲ, ಇಬ್ಬರಿಗೂ 1896ರಲ್ಲಿ ಚಕ್ರವರ್ತಿಯ ಮನೆತನದ ಕಲಾವಿದ ಅನ್ನೋ ಗೌರವ ಸಿಕ್ತು.

ಹಾಗಾಗಿ ನಿಮ್ಮನೇಲಿ ಅಂಥ ಹಿಡಿ ಇದ್ರೆ ಹಿನ್ನೆಲೆ ನೋಡಿ. ತುಂಬಾ ಸುರುಳಿ ತಂತಿ ಇದ್ದು ಬಣ್ಣ ಮಂಕಾಗಿದ್ರೆ ಮುಂಚಿನ ಕಾಲದ ರೀತಿ, ಕಂದು ಗಾಜಿನೊಳಗೆ ತಾಮ್ರದ ಕಣ ಮಿನುಗ್ತಾ ಇದ್ರೆ ಅದೂ ಆ ಕಾಲದವರಿಗೆ ಇಷ್ಟವಾದ ಹಿನ್ನೆಲೆ. ಹಿನ್ನೆಲೆ ಖಾಲಿ ಇದ್ದು ಮಧ್ಯದಲ್ಲಿ ಒಂದು ಕೊಂಬೆ ಒಂದು ಹಕ್ಕಿ ಮಾತ್ರ ಇದ್ರೆ ಸಾಮಾನ್ಯವಾಗಿ 1880ರ ಈಚಿನದು. ಪಾರದರ್ಶಕ ಬಣ್ಣದ ಕೆಳಗಿಂದ ಬೆಳ್ಳಿ ರೇಕು ಹೊಳೀತಾ ಇದ್ರೆ ಅದು ಗಿನ್ಬಾರಿ ಅನ್ನೋ ರೀತಿ. ಇದನ್ನೆಲ್ಲ ಕಾಲ ಅಂದಾಜಿಸೋಕೆ ಒಂದು ದಾರಿ ಅಂತ ಇಟ್ಕೊಳ್ಳಿ, ಇದೇ ಕೊನೇ ಮಾತಲ್ಲ, ಯಾಕಂದ್ರೆ ಹಳೇ ರೀತೀಲಿ ಆಮೇಲೂ ಮಾಡಿದ್ದಾರೆ.

ಈಗ ನನ್ನ ಮುಖ್ಯ ವಿಷಯಕ್ಕೆ ಬರ್ತೀನಿ. ಹೂದಾನಿಗೆ ತಳ ಇರುತ್ತೆ, ಮಾಡಿದವರು ತಳದಲ್ಲಿ ಹೆಸರೋ ಮುದ್ರೆಯೋ ಹಾಕ್ತಾರೆ, ಅದನ್ನ ನೋಡಿ ಇದು ಇಂಥವರದ್ದು ಅಂತ ಹೇಳ್ಬಹುದು. ಊರುಗೋಲಿನ ಹಿಡಿಗೆ ತಳಾನೇ ಇಲ್ಲ, ಅದರ ತಳ ಇರಬೇಕಾದ ಕಡೆ ಕೋಲು ಕೂತಿರುತ್ತೆ, ಅದರ ಮೇಲೆ ಬೆಳ್ಳಿ ಕಾಲರ್ ಸುತ್ತಿರುತ್ತೆ. ಬಹಳಷ್ಟು ಹಿಡಿಗಳಲ್ಲಿ ಮಾಡಿದವರ ಹೆಸರು ಇಲ್ಲದಿರೋದು ಅದಕ್ಕೇ. ಅಂದ್ಮೇಲೆ ಅದು ಎಲ್ಲಿಂದ ಎಲ್ಲಿಗೆ ಹೋಯ್ತು, ಯಾವ ಕಾಲದ್ದು, ಯಾರ ಕೈಲಿತ್ತು ಅಂತ ತಿಳಿಯೋಕೆ ನಮಗೆ ಉಳಿದಿರೋ ಮುಖ್ಯ ಸಾಕ್ಷಿ ಅಂದ್ರೆ ಕಾಲರ್ ಮತ್ತೆ ಕೋಲು. ಅದನ್ನೇ ಕತ್ತರಿಸಿ ಬಳ್ಳಿಗೆ ಆಸರೆ ಕೊಟ್ರೆ ಹಿಡಿ ತಬ್ಬಲಿ ಆಗುತ್ತೆ.

ಕಾಲರ್ ಏನು ಹೇಳುತ್ತೆ ಅಂದ್ರೆ, ಬ್ರಿಟನ್ನಿನಲ್ಲಿ ಜೋಡಿಸಿದ್ದಾದ್ರೆ ಬೆಳ್ಳಿ ಮೇಲೆ ಸಣ್ಣ ಸಣ್ಣ ಮುದ್ರೆಗಳಿರ್ತವೆ. ನಡೆಯೋ ಸಿಂಹ ಇದ್ರೆ ಅದು ಸ್ಟರ್ಲಿಂಗ್ ಬೆಳ್ಳಿ, ಚಿರತೆ ತಲೆ ಇದ್ರೆ ಲಂಡನ್, ಲಂಗರು ಇದ್ರೆ ಬರ್ಮಿಂಗ್‌ಹ್ಯಾಮ್, ಪಕ್ಕದಲ್ಲಿರೋ ಒಂದು ಅಕ್ಷರ ಯಾವ ವರ್ಷ ಪರೀಕ್ಷೆ ಆಯ್ತು ಅಂತ ಹೇಳುತ್ತೆ. ಒಂದು ಲೆನ್ಸು ಸಾಕು, ಹಿಡಿ ಹೆಚ್ಚು ಕಮ್ಮಿ ಯಾವ ಕಾಲದಲ್ಲಿ ಆ ಊರಿಗೆ ಬಂದಿತ್ತು ಅಂತ ಸಿಕ್ಕಿಬಿಡುತ್ತೆ. ಕೋಲಿನ ಮರ ನೋಡಿದ್ರೆ ಕರಿಮರಾನಾ, ಬಿದಿರಾ, ಮಲಕ್ಕಾ ಬೆತ್ತಾನಾ ಅಂತ ಗೊತ್ತಾಗುತ್ತೆ. ಮಲಕ್ಕಾ ಅಂದ್ರೆ ಮಲಯಾ ಸುಮಾತ್ರಾ ಕಡೆಯ ಬೆತ್ತ, ಅದರ ಎರಡು ಗಿಣ್ಣುಗಳ ನಡುವಿನ ಉದ್ದ ಎಷ್ಟಿರುತ್ತೆ ಅಂದ್ರೆ ಒಂದು ಪೂರ್ತಿ ಕೋಲು ಗಿಣ್ಣಿಲ್ಲದೆ ಸಿಗುತ್ತೆ, ಅದಕ್ಕೇ ಅದರ ಮೇಲೆ ಅಷ್ಟು ಆಸೆ. ಯೋಚ್ನೆ ಮಾಡಿ, ಜಪಾನಿನ ಹಿಡಿ, ಮಲಯಾದ ಬೆತ್ತ, ಇಂಗ್ಲೆಂಡಿನ ಬೆಳ್ಳಿ, ಮೂರೂ ಒಂದೇ ಕೋಲಲ್ಲಿ ಸೇರಿದೆ. ಕೆಳಗಿನ ತುದೀಲಿ ಹಿತ್ತಾಳೆ ಅಥವಾ ಕಬ್ಬಿಣದ ಟೋಪಿ ಇರುತ್ತಲ್ಲ, ಅದು ಒಂದೇ ಪಕ್ಕ ಸವೆದಿದ್ರೆ ಕೋಲಿಟ್ಟುಕೊಂಡೋರು ನಿಜವಾಗಿ ಊರ್ಕೊಂಡು ನಡೀತಿದ್ರು ಅಂತ ಅರ್ಥ, ಸವೆದೇ ಇಲ್ಲ ಅಂದ್ರೆ ಸ್ಟೈಲಿಗೆ ಹಿಡ್ಕೊಂಡಿದ್ದು ಇರಬಹುದು. ಕೋಲಿಟ್ಟುಕೊಂಡೋರು ಎಷ್ಟು ಎತ್ತರ ಇದ್ರು ಅನ್ನೋ ಅಂದಾಜೂ ಕೋಲಿನ ಉದ್ದದಲ್ಲಿದೆ. ಹಿಡಿಯ ಮೇಲೆ ಹೆಬ್ಬೆರಳು ಕೂರೋ ಜಾಗದಲ್ಲಿ ಹೊಳಪು ಸ್ವಲ್ಪ ಮಂಕಾಗಿರುತ್ತೆ, ಆ ಮಂಕು ಯಾವ ಕಡೆಗಿದೆ ಅಂತ ಕೋಲಿನ ಸವೆತದ ಜೊತೆ ಹೋಲಿಸಿ ನೋಡಿದ್ರೆ ಎಡಗೈನೋ ಬಲಗೈನೋ ಅಂತ ಊಹಿಸಬಹುದು. ಬರೀ ಹಿಡಿ ಇದ್ರೆ ಇದು ಯಾವುದೂ ಆಗಲ್ಲ.

ಇಲ್ಲಿ ನಗೋಯಾದ ಓಸು ಕಾನ್ನೋನ್ ದೇವಸ್ಥಾನದ ಅಂಗಳದಲ್ಲಿ ಪ್ರತಿ ತಿಂಗಳು 18 ಮತ್ತು 28ನೇ ತಾರೀಕು ಹಳೇ ಸಾಮಾನಿನ ಸಂತೆ ಸೇರುತ್ತೆ. ಅಲ್ಲಿ ಒಂದು ಮೇಜಿನ ಮೇಲೆ ಮಖಮಲ್ ಬಟ್ಟೆ ಹಾಸಿ ಕೋಲಿಲ್ಲದ ಹಿಡಿಗಳನ್ನ ಸಾಲಾಗಿ ಇಟ್ಟಿದ್ದನ್ನ ನೋಡಿದೀನಿ. ಒಂದರಲ್ಲಿ ತಿಳಿ ಹಸಿರುನೀಲಿ ಮೇಲೆ ವಿಸ್ಟೀರಿಯಾ ಹೂಗೊಂಚಲು ಇಳಿಬಿದ್ದಿತ್ತು, ನೇರಳೆ ಬಣ್ಣ ಮೇಲಿಂದ ಕೆಳಕ್ಕೆ ಬರ್ತಾ ಬರ್ತಾ ಬೆಳ್ಳಗಾಗುತ್ತೆ, ಒಂದೇ ಪುಟ್ಟ ಮನೆಯೊಳಗೆ ಎರಡು ಬಣ್ಣದ ಪುಡೀನ ಬೆರೆಸಿ ಹಾಗೆ ಮಾಡಿದಾರೆ. ಅಂಗಡಿಯ ತಾತನ್ನ ಕೇಳಿದೆ, ಕೋಲು ಎಲ್ಲಿ ಅಂತ. ಕೋಲಿದ್ರೆ ಪಾರ್ಸೆಲ್ ಖರ್ಚು ಜಾಸ್ತಿ, ಫ್ಲೈಟಲ್ಲಿ ಕೈಯಲ್ಲಿ ತಗೊಂಡು ಹೋಗೋಕೂ ತಕರಾರು, ಹಿಡಿ ಆದ್ರೆ ಜೇಬಲ್ಲಿ ಹೋಗುತ್ತೆ, ಅದಕ್ಕೇ ಯಾರೋ ಬಿಡಿಸಿದ್ದಾರೆ, ನನ್ನ ಕೈಗೆ ಬರೋವಾಗ್ಲೇ ಹೀಗಿತ್ತು ಅಂದ್ರು. ಅವರ ಮುಖದಲ್ಲೂ ಬೇಸರ ಇತ್ತು. ಹಿಡಿ ಕೆಳಗೆ ನೋಡಿದ್ರೆ ಬಿಸಿ ಮಾಡಿ ತಿರುಚಿ ಕಿತ್ತಿದ್ದಾರೆ ಅಂತ ಗೊತ್ತಾಗುತ್ತೆ, ಬಾಯಿ ಅಂಚಿನ ತಾಮ್ರ ಸೊಟ್ಟಗಾಗಿ ಅಲ್ಲಿನ ಎನಾಮೆಲ್ ಚಕ್ಕೆ ಚಕ್ಕೆಯಾಗಿ ಉದುರಿತ್ತು. ಆ ಸಾಲಲ್ಲಿ ಬುಡ ನೆಟ್ಟಗಿದ್ದ ಹಿಡಿ ಒಂದೂ ನಂಗೆ ಕಾಣಲಿಲ್ಲ.

ಇದರ ಉಲ್ಟಾನೂ ನಡೆಯುತ್ತೆ, ಕಿತ್ತ ಹಿಡೀನ ಯಾವುದೋ ಹೊಸ ಕೋಲಿಗೆ ಹಾಕಿ ಆಂಟಿಕ್ ಅಂತ ಮಾರ್ತಾರೆ. ಕಾಲರಿಗೂ ಹಿಡಿಗೂ ನಡುವೆ ಸಂದಿ ಇದ್ರೆ, ಸಂದೀಲಿ ಹೊಸ ಅಂಟು ಹೊಳೀತಾ ಇದ್ರೆ, ಕೋಲಿನ ಪಾಲಿಶ್ ಹಿಡಿಗಿಂತ ತೀರಾ ಹೊಸದಾಗಿದ್ರೆ ಅನುಮಾನ ಪಡಿ. ಕೆಲವು ಕಡೆ ಪ್ಲಾಸ್ಟಿಕ್ ರಾಳದ ಮೇಲೆ ಚಿತ್ರ ಪ್ರಿಂಟ್ ಮಾಡಿದ್ದನ್ನೂ ಶಿಪ್ಪೋ ಅಂತ ದಾಟಿಸ್ತಾರೆ, ಅದನ್ನ ಕೈಗೆ ತಗೊಂಡ್ರೆ ಗಾಜಿನ ತಣ್ಪು ಸಿಗಲ್ಲ, ಲೆನ್ಸಲ್ಲಿ ನೋಡಿದ್ರೆ ಗೆರೆ ಇರೋ ಕಡೆ ಲೋಹ ಇರಲ್ಲ.

ನಮ್ಮ ಕಡೆ ಇಂಥವು ಎಲ್ಲಿರ್ತವೆ ಅಂತ ಕೇಳಬಹುದು. ಬೆಂಗಳೂರು ಕಂಟೋನ್ಮೆಂಟಿನ ಹಳೇ ಮನೆಗಳಲ್ಲಿ, ಕೊಡಗು ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳಲ್ಲಿ ಬ್ರಿಟಿಷರು ಬಿಟ್ಟು ಹೋದ ಸಾಮಾನು ಕೈ ಬದಲಾಯಿಸಿಕೊಂಡು ಇನ್ನೂ ಇದೆ, ಅದರ ನಡುವೆ ಒಂದೆರಡು ಇರೋ ಸಾಧ್ಯತೆ ಇದ್ದೇ ಇದೆ. ಹೈದರಾಬಾದಿಗೆ ಹೋಗೋರು ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಗಡಿಯಾರ ಬಾರಿಸೋದನ್ನ ನೋಡಿ ವಾಪಸ್ ಬಂದುಬಿಡ್ತಾರೆ. ಅಲ್ಲೇ ಊರುಗೋಲುಗಳ ಸಂಗ್ರಹ ಇದೆ, ಜಪಾನಿನ ಕಲಾವಸ್ತುಗಳೂ ಇವೆ, ಎರಡನ್ನೂ ನೋಡಿ. ಮೂರನೇ ಸಾಲಾರ್ ಜಂಗ್ ಕಲೆಹಾಕಿದ ಕೋಲುಗಳನ್ನ ತುದಿಯಿಂದ ತುದಿವರೆಗೆ ಒಂದೇ ವಸ್ತುವಾಗಿ ನೋಡಿದ ಮೇಲೆ ಹಿಡೀನ ಮಾತ್ರ ಬೇರೆ ಮಾಡ್ಬೇಕು ಅಂತ ಯಾರಿಗೂ ಅನ್ಸಲ್ಲ.

ಇನ್ನು ಮನೇಲಿ ಇರೋರಿಗೆ ನನ್ನ ಕೋರಿಕೆ. ಹಿತ್ತಾಳೆ ತಂತಿ ಕಪ್ಪಾಗಿದೆ ಅಂತ ಹುಣಸೆಹಣ್ಣು, ನಿಂಬೆರಸ, ಪಾತ್ರೆ ಬೆಳಗೋ ಪುಡಿ ಯಾವುದನ್ನೂ ಹಚ್ಬೇಡಿ. ಹುಳಿ ತಾಗಿದ್ರೆ ಹಳೇ ಎನಾಮೆಲ್ಲಿನ ಮೇಲ್ಮೈ ಮಂಕಾಗುತ್ತೆ, ಒರಟು ಪುಡಿ ಗೀರು ಹಾಕುತ್ತೆ, ಅದು ಮತ್ತೆ ಸರಿ ಹೋಗಲ್ಲ. ಮೆತ್ತನೆ ಒಣ ಬಟ್ಟೇಲಿ ಧೂಳು ಒರೆಸಿದ್ರೆ ಸಾಕು, ಚಕ್ಕೆ ಎದ್ದಿರೋ ಕಡೆ ಅದನ್ನೂ ಮಾಡ್ಬೇಡಿ, ಬಟ್ಟೆಯ ಎಳೆ ಸಿಕ್ಕಿ ಇನ್ನಷ್ಟು ಏಳುತ್ತೆ. ಹಿಡಿ ಅಲ್ಲಾಡ್ತಾ ಇದ್ರೆ ಗಾಬರಿ ಬೇಡ, ನೂರು ವರ್ಷದಲ್ಲಿ ಮರ ಒಣಗಿ ಕುಗ್ಗಿರುತ್ತೆ, ಹಳೇ ಅಂಟು ಪುಡಿಯಾಗಿರುತ್ತೆ, ಅಷ್ಟೇ. ಆಗ ಫೆವಿಕ್ವಿಕ್ ಹಾಕೋಕೆ ಹೋಗ್ಬೇಡಿ, ಒಮ್ಮೆ ಅದು ಗಟ್ಟಿಯಾದ್ರೆ ಮುಂದೆ ತಿಳಿದೋರು ಸರಿ ಮಾಡೋಕೂ ಆಗಲ್ಲ. ಹಿಡಿ ತಾನಾಗೇ ಕೈಗೆ ಬಂದ್ರೆ ಹಿಡಿ, ಕಾಲರ್, ಕೋಲು ಮೂರನ್ನೂ ಒಂದೇ ಬಟ್ಟೇಲಿ ಸುತ್ತಿ ಇಡಿ, ಉದುರಿದ ಗಾಜಿನ ಚಕ್ಕೆ ಸಿಕ್ಕಿದ್ರೆ ಅದನ್ನೂ ಸಣ್ಣ ಕವರಲ್ಲಿ ಹಾಕಿ ಜೊತೆಗಿಡಿ. ನಿಲ್ಲಿಸಿ ಇಡೋದಕ್ಕಿಂತ ಮಲಗಿಸಿ ಇಡೋದು ಒಳ್ಳೇದು, ಗೋಡೆಗೆ ಒರಗಿಸಿದ ಕೋಲು ಇವತ್ತಲ್ಲ ನಾಳೆ ಜಾರಿ ಬೀಳುತ್ತೆ, ಅದೂ ರೆಡ್ ಆಕ್ಸೈಡ್ ಅಥವಾ ಗ್ರಾನೈಟ್ ನೆಲಕ್ಕೆ ಬಿದ್ರೆ ಮುಗೀತು.

ಮಾರೋ ಯೋಚನೆ ಇರೋರಿಗೆ ಕಾನೂನಿನ ಎರಡು ಮಾತು. ನೂರು ವರ್ಷ ದಾಟಿದ ಕಲಾವಸ್ತು 1972ರ ಪ್ರಾಚೀನ ವಸ್ತುಗಳ ಕಾಯ್ದೆಗೆ ಒಳಪಡುತ್ತೆ, ಅಂಥದ್ದನ್ನ ಖಾಸಗಿಯವರು ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ, ಆನ್‌ಲೈನಲ್ಲಿ ಫಾರಿನ್ ಗಿರಾಕಿ ಸಿಕ್ಕಿದ್ರು ಅಂತ ಕೊರಿಯರ್ ಮಾಡ್ಬಿಡ್ಬೇಡಿ. ಕೆಲವು ಕೋಲುಗಳಲ್ಲಿ ಕಾಲರಿಗೋ ತುದಿಗೋ ಆನೆದಂತ ಇರುತ್ತೆ, ಆನೆದಂತದ ವ್ಯಾಪಾರ ನಮ್ಮಲ್ಲಿ ಪೂರ್ತಿ ನಿಷಿದ್ಧ, ಅಂಥ ಕೋಲಿದ್ರೆ ಮೊದಲು ಅರಣ್ಯ ಇಲಾಖೆಯವರ ಹತ್ತಿರ ವಿಚಾರಿಸಿ.

ಸಂಪಾದಕರೇ, ಅಂಕಣ ಬರೆದವರ ಮೇಲೆ ನಂಗೆ ಸಿಟ್ಟಿಲ್ಲ, ಆದ್ರೆ ಆ ಸಲಹೇನ ಎಷ್ಟೋ ಜನ ಓದಿರ್ತಾರೆ, ಹಾಗಾಗಿ ಅದೇ ಅಂಕಣದಲ್ಲಿ, ಅದೇ ಜಾಗದಲ್ಲಿ, ಹಿಡೀನ ಕತ್ತರಿಸಬೇಡಿ ಅಂತ ನಾಲ್ಕು ಸಾಲು ಹಾಕಿ ಅಂತ ಬೇಡ್ಕೋತೀನಿ. ಹಾಗೇ ಓದುಗರ ಮನೇಲಿರೋ ಊರುಗೋಲುಗಳ ಫೋಟೋಗಳನ್ನ ನೀವು ತರಿಸಿಕೊಂಡು ಪುರವಣೀಲಿ ಹಾಕೋ ಹಾಗಿದ್ರೆ ಶಿಪ್ಪೋ ಹಿಡಿಗಳನ್ನ ಗುರುತಿಸೋಕೆ, ಇಲ್ಲಿನ ಮ್ಯೂಸಿಯಂನವರನ್ನ ಕೇಳಿ ತಿಳಿಸೋಕೆ ನಾನು ತಯಾರಿದೀನಿ. ಫೋಟೋ ಕಳಿಸೋರು ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಆಫ್ ಮಾಡಿ ತೆಗೀರಿ, ಇಲ್ಲಾಂದ್ರೆ ಗಾಜಿನ ಮೇಲೆ ಬರೀ ಹೊಳಪು ಬರುತ್ತೆ. ಹಿಡೀನ ನಾಲ್ಕೂ ಕಡೆಯಿಂದ, ಕಾಲರ್ ಮೇಲಿನ ಮುದ್ರೆಗಳನ್ನ ಹತ್ತಿರದಿಂದ, ಕೆಳಗಿನ ಲೋಹದ ತುದೀನ ಪ್ರತ್ಯೇಕವಾಗಿ, ಆಮೇಲೆ ಪಕ್ಕದಲ್ಲಿ ಒಂದು ಅಳತೆ ಟೇಪ್ ಇಟ್ಟು ಇಡೀ ಕೋಲು ಒಂದೇ ಫೋಟೋದಲ್ಲಿ ಬರೋ ಹಾಗೆ ತೆಗೀರಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ನಗೋಯಾ, ಜಪಾನ್